ಹೊಸ ಪೇಂಟ್ ಹೊಡೆದ ಹಳೇ ಅಲಾಯ್ ವೀಲ್: ಕಾರಿಗೆ ಹಾಕಬಹುದಾ, ಬೇಡವಾ?

ಕಾರಿನ ಸಸ್ಪೆನ್ಶನ್ ಬುಷ್ ಕೆಲಸ ಮುಗಿಯಿತು. ಈಗ ಚಕ್ರದ ಸರದಿ. ಹಳೇ ಸ್ಟೀಲ್ ರಿಮ್ ತೆಗೆದು ಅಲಾಯ್ (ಅಲ್ಯೂಮಿನಿಯಂ ಬೆರಕೆಯ ಚಕ್ರ) ಹಾಕೋಣ ಅಂತ ಸೆಕೆಂಡ್ ಹ್ಯಾಂಡ್ ಸೆಟ್ ಒಂದನ್ನು ತಂದಿದ್ದೇನೆ. 15 ಇಂಚು, 6.5 ಇಂಚು ಅಗಲ. ಕಾರು ಕಂಪನಿಯದ್ದಲ್ಲ, ಹೊರಗಿನ ತಯಾರಕರದ್ದು. ಕಪ್ಪು ಪೇಂಟ್ ಫಳಫಳ ಹೊಳೆಯುತ್ತಿದೆ. ನನಗೆ ಅನುಮಾನ ಬಂದದ್ದೇ ಆ ಹೊಳಪಿನ ಮೇಲೆ. ಹಳೇ ಮಾಲಿಗೆ ಹೊಸ ಬಣ್ಣ ಹೊಡೆದಿದ್ದಾರೆ ಅಂದರೆ ಅಂದಕ್ಕೂ ಇರಬಹುದು, ಏನನ್ನೋ ಮುಚ್ಚಲೂ ಇರಬಹುದು. ಹಾಗಾಗಿ ಕಾರಿಗೆ ಹಾಕುವ ಮೊದಲು ಪೂರ್ತಿ ತಪಾಸಣೆ.

ಹಿಂಬದಿ ಓದುವುದು

ಕಾರು ಕಂಪನಿಯ ವೀಲ್ ಆದರೆ ಪಾರ್ಟ್ ನಂಬರ್ ಹಿಡಿದು ಯಾವ ಮಾಡೆಲ್‌ನದು ಅಂತ ಕಂಡುಹಿಡಿಯಬಹುದು. ಹೊರಗಿನವರ ವೀಲ್‌ಗೆ ಹಿಂಬದಿಯಲ್ಲಿ ಎರಕದಲ್ಲೇ ಮೂಡಿರುವ ಅಕ್ಷರಗಳೇ ಜಾತಕ. ಆದ್ದರಿಂದ ಮೊದಲ ಕೆಲಸ, ಬ್ರೇಕ್ ಧೂಳು ತೊಳೆದು ಅದನ್ನು ಓದುವುದು.

ಸೈಜ್, ಇಟಿ 38 ಅನ್ನುವ ಆಫ್‌ಸೆಟ್ (ವೀಲ್ ಕಾರಿಗೆ ತಾಗುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಅಂಕಿ), ನಟ್ ತೂತುಗಳ ಅಳತೆಯಾದ 4×100 ಪಿಸಿಡಿ, ಎಲ್ಲಾ ಸಿಕ್ಕಿತು. ಪಕ್ಕದಲ್ಲಿ 560 ಕೆ.ಜಿ. ಅಂತ ಇದೆ. ನನಗೆ ಬೇಕಿದ್ದದ್ದು ಅದೇ. ಒಂದು ವೀಲ್ ಹೊರಬಹುದಾದ ಗರಿಷ್ಠ ಭಾರ ಅದು. ನನ್ನ ಕಾರಿನ ತೂಕದ ಮಿತಿ ಬರೆದ ಪ್ಲೇಟ್‌ನಲ್ಲಿ ಮುಂದಿನ ಆಕ್ಸಲ್‌ನ ಮಿತಿ 880 ಕೆ.ಜಿ. ಅರ್ಧ ಮಾಡಿದರೆ ವೀಲ್ ಒಂದಕ್ಕೆ 440. ಹಾಗಾಗಿ ಇಲ್ಲಿ ತೊಂದರೆ ಇಲ್ಲ. ಲೋಡ್ ಅಂಕಿಯೇ ಇಲ್ಲದ ವೀಲ್ ಆಗಿದ್ದರೆ ಮುಂದಿನ ಪರೀಕ್ಷೆಗೆ ಕೈ ಹಾಕುತ್ತಲೇ ಇರಲಿಲ್ಲ. ವಾಪಸ್ ಕೊಡುತ್ತಿದ್ದೆ.

ಜೆಡಬ್ಲ್ಯುಎಲ್ ಮತ್ತು ವಿಐಎ ಅನ್ನುವ ಗುರುತುಗಳೂ ಇವೆ. ಮೊದಲನೆಯದು ಜಪಾನಿನ ಅಲಾಯ್ ವೀಲ್ ಮಾನದಂಡ. ವೀಲ್ ಅದಕ್ಕೆ ತಕ್ಕಂತಿದೆ ಅಂತ ತಯಾರಕರೇ ಹೇಳಿಕೊಳ್ಳುವ ಗುರುತು. ಎರಡನೆಯದು ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದ್ದಕ್ಕೆ. ತಿರುಗುತ್ತಾ ಬಾಗಿಸುವ ಒತ್ತಡ, ಭಾರ ಹೊತ್ತು ಉರುಳುವುದು, 13 ಡಿಗ್ರಿ ಓರೆಯಲ್ಲಿ ಮೇಲಿಂದ ಬೀಳುವ ಪೆಟ್ಟು, ಈ ಮೂರನ್ನೂ ತಾಳಬೇಕು. ನಕಲಿ ವೀಲ್‌ನಲ್ಲೂ ಈ ಅಕ್ಷರ ಮೂಡಿಸುವುದು ಸುಲಭ ಅನ್ನಿ. ಗುರುತು ಇದ್ದರೆ ಒಂದು ಅಂಕ ಜಾಸ್ತಿ ಕೊಡುತ್ತೇನೆ, ಅಷ್ಟೇ. ಇನ್ನೊಂದು ಮಾತು: ಆ ಪರೀಕ್ಷೆ ಪಾಸಾದದ್ದು ಹೊಸ ವೀಲ್. ನನ್ನ ಕೈಯಲ್ಲಿರುವುದು ಗುಂಡಿಗಳನ್ನು ಕಂಡು ಬಂದ ವೀಲ್.

ಕೂರುತ್ತದೆ ಅಂದರೆ ಹೊಂದುತ್ತದೆ ಅಂತಲ್ಲ

ಪಿಸಿಡಿ ಅಂದರೆ ಸ್ಟಡ್‌ಗಳು (ನಟ್ ಬಿಗಿಯುವ ಬೋಲ್ಟ್ ಕಡ್ಡಿಗಳು) ನಿಂತಿರುವ ವೃತ್ತದ ವ್ಯಾಸ. 4×100 ಅಂದರೆ ನಾಲ್ಕು ಸ್ಟಡ್, 100 ಮಿ.ಮೀ. ವ್ಯಾಸ. 4×98 ವೀಲನ್ನು 4×100 ಹಬ್‌ಗೆ (ಕಾರಿನಲ್ಲಿ ವೀಲ್ ಕೂರುವ, ತಿರುಗುವ ನಡುಭಾಗ) ಒತ್ತಿ ಕೂರಿಸುವವರಿದ್ದಾರೆ. ಒಂದೊಂದು ಸ್ಟಡ್‌ಗೂ ಒಂದು ಮಿ.ಮೀ. ಮಾತ್ರ ವ್ಯತ್ಯಾಸ, ನಟ್ ಎಳೆದುಕೊಳ್ಳುತ್ತದೆ ಅನ್ನುತ್ತಾರೆ. ಎಳೆದುಕೊಳ್ಳುತ್ತದೆ ನಿಜ. ಆದರೆ ನಟ್ ಒಂದೇ ಮಗ್ಗುಲಿಗೆ ಒತ್ತುತ್ತದೆ, ಸ್ಟಡ್ ಬಾಗಿದ ಹಾಗೇ ದುಡಿಯುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ನನ್ನದು ಸರಿಯಾಗಿ 100. ಗುರುತು ನಂಬಿ ಸುಮ್ಮನಾಗದೆ ಎದುರುಬದುರು ತೂತುಗಳ ನಡುವೆ ವರ್ನಿಯರ್ ಹಿಡಿದು ಅಳೆದೂ ನೋಡಿದೆ.

ನಡುವಿನ ತೂತು 67.1 ಮಿ.ಮೀ., ನನ್ನ ಹಬ್ 54.1. ಹೊರಗಿನ ತಯಾರಕರು ಹಲವು ಕಾರುಗಳಿಗೆ ಆಗಲಿ ಅಂತ ತೂತನ್ನು ಬೇಕೆಂದೇ ದೊಡ್ಡದಾಗಿ ಬಿಡುತ್ತಾರೆ. ಆ ಸಂದಿಗೆ ಹಬ್ ರಿಂಗ್ ಬೇಕು. ಕಾರಿನ ಭಾರ ಹೊರುವುದು ಆ ರಿಂಗ್ ಅಲ್ಲ. ನಟ್ ಬಿಗಿದಾಗ ವೀಲ್ ಮತ್ತು ಹಬ್ ಒಂದಕ್ಕೊಂದು ಒತ್ತಿಕೊಳ್ಳುತ್ತವಲ್ಲ, ಆ ಹಿಡಿತ ಹೊರುತ್ತದೆ. ರಿಂಗ್ ವೀಲನ್ನು ನಡುಮಧ್ಯಕ್ಕೆ ತಂದು ನಿಲ್ಲಿಸುತ್ತದೆ, ಸ್ಟೇರಿಂಗ್ ನಡುಗುವುದು ತಪ್ಪುತ್ತದೆ. ಅಲ್ಯೂಮಿನಿಯಂ ರಿಂಗ್‌ಗೆ ಹೇಳಿದ್ದೇನೆ. ಪ್ಲಾಸ್ಟಿಕ್‌ನದ್ದೂ ನಡೆಯುತ್ತದೆ, ಬ್ರೇಕ್ ಬಿಸಿ ಜಾಸ್ತಿ ಆದರೆ ಮೆತ್ತಗಾಗುತ್ತದೆ ಅಂತ ನನಗೆ ಬೇಡ ಅನಿಸಿತು.

ನಟ್ ಕೂರುವ ಜಾಗದ ಬಗ್ಗೆ ಜನ ಯೋಚಿಸುವುದೇ ಕಡಿಮೆ. ನನ್ನ ಸ್ಟೀಲ್ ರಿಮ್‌ನದು 60 ಡಿಗ್ರಿ ಕೋನದ ನಟ್. ಈ ಅಲಾಯ್‌ನಲ್ಲೂ ಕೋನದ ಸೀಟೇ ಇದೆ, ಅದೃಷ್ಟ. ಕೆಲವು ವೀಲ್‌ಗಳಲ್ಲಿ ಸೀಟ್ ಗುಂಡಗಿರುತ್ತದೆ, ಕೆಲವದರಲ್ಲಿ ವಾಷರ್ ಕೂರುವ ಹಾಗೆ ಚಪ್ಪಟೆ. ಆಕಾರ ಬೇರೆಯಾದರೆ ನಟ್ ಒಂದು ತೆಳು ಗೆರೆಯಲ್ಲಿ ಮಾತ್ರ ತಾಗುತ್ತದೆ. ಟಾರ್ಕ್ ರೆಂಚ್ ಬಿಗಿ ಸಾಕು ಅಂತ ಕ್ಲಿಕ್ ಅನ್ನುತ್ತದೆ, ಹಿಡಿತ ಮಾತ್ರ ಬಂದಿರುವುದಿಲ್ಲ.

ಸೀಟಿನ ಒಳಗೂ ಆ ಕಪ್ಪು ಪೇಂಟ್ ದಪ್ಪಗೆ ಕೂತಿತ್ತು. ನಟ್ ಬಿಗಿದರೆ ಪೇಂಟ್ ನುಜ್ಜಾಗುತ್ತದೆ, ಒಂದಷ್ಟು ಓಡಿದ ಮೇಲೆ ಬಿಗಿ ಇಳಿಯುತ್ತದೆ. ಹಬ್‌ಗೆ ತಾಗುವ ಮುಖದಲ್ಲೂ ಅದೇ ಕಥೆ. ಎರಡೂ ಕಡೆ ಲೋಹ ಕಾಣುವವರೆಗೆ ಪೇಂಟ್ ತೆಗೆದೆ. ಆಮೇಲೆ ಒಂದು ವೀಲನ್ನು ಹಬ್‌ಗೆ ಹಿಡಿದು, ನಟ್ ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿದೆ. ಸ್ಟಡ್ 12 ಮಿ.ಮೀ., ಪಿಚ್ (ಒಂದು ಸುತ್ತಿಗೆ ನಟ್ ಸರಿಯುವ ದೂರ) 1.5. ಸ್ಟಡ್ ಎಷ್ಟು ದಪ್ಪವೋ ಅಷ್ಟು ಉದ್ದವಾದರೂ ಅದರ ಥ್ರೆಡ್ (ತಿರುಪು ಗೆರೆ) ನಟ್‌ನೊಳಗೆ ಹಿಡಿಯಬೇಕು ಅನ್ನುವ ಲೆಕ್ಕಕ್ಕೆ 8 ಸುತ್ತು. ಅದಕ್ಕಿಂತ ಜಾಸ್ತಿಯೇ ಬಂತು. ವೀಲನ್ನು ಹೊರಗೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿದ್ದರೆ ಈ ಲೆಕ್ಕವೇ ತಲೆಕೆಳಗಾಗುತ್ತಿತ್ತು.

ಪೇಂಟ್ ಕೆಳಗೆ

ಈಗ ಬಿರುಕಿನ ಹುಡುಕಾಟ. ಬೆರಳಲ್ಲಿ ತಟ್ಟಿ ಸದ್ದು ಕೇಳುವುದು, ಕಣ್ಣಲ್ಲಿ ನೋಡುವುದು ನನಗೆ ಸಾಕಾಗುವುದಿಲ್ಲ. ಒಳಗಿನ ಅಂಚು, ಸ್ಪೋಕ್ ಬುಡ, ನಟ್ ತೂತುಗಳ ನಡುವಿನ ಜಾಗ, ಬಿರುಕು ಸಾಮಾನ್ಯವಾಗಿ ಶುರುವಾಗುವುದು ಈ ಮೂರು ಕಡೆ. ಅಲ್ಲೆಲ್ಲ ಅಲ್ಯೂಮಿನಿಯಂಗೆ ಹೊಂದುವ ಪೇಂಟ್ ರಿಮೂವರ್ ಹಚ್ಚಿ ಬಣ್ಣ ಎಬ್ಬಿಸಿದೆ. ಕಾಸ್ಟಿಕ್ ಸೋಡಾ ಇರುವ ರಿಮೂವರ್ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಸ್ಯಾಂಡ್ ಬ್ಲಾಸ್ಟಿಂಗೂ ಬೇಡ. ಮರಳಿನ ಹೊಡೆತಕ್ಕೆ ಮೇಲಿನ ಮೆತ್ತನೆ ಲೋಹ ಸರಿದು ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ, ಆಮೇಲೆ ಬಿರುಕು ಹುಡುಕಲು ಹಚ್ಚುವ ಯಾವ ಬಣ್ಣವೂ ಒಳಗೆ ಇಳಿಯುವುದಿಲ್ಲ.

ಆಮೇಲೆ ಡೈ ಪೆನಿಟ್ರೆಂಟ್. ಮೂರು ಸ್ಪ್ರೇ ಡಬ್ಬಿಯ ಕಿಟ್. ಕ್ಲೀನರ್ ಹೊಡೆದು ಒಣಗಿಸಿ, ಕೆಂಪು ಡೈ ಹಚ್ಚಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ನಂತರ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರ ವೀಲ್ ಮೇಲೆ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್. ಬಿರುಕಿದ್ದರೆ ಒಳಗಿನ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ ಇದರಲ್ಲಿ ಸಿಗುತ್ತದೆ. ಎರಕದ ಒಳಗಿನ ಗುಳ್ಳೆ ಕಾಣಬೇಕಾದರೆ ಎಕ್ಸ್‌ರೇಯೇ ಬೇಕು.

ಮೂರು ವೀಲ್‌ನಲ್ಲಿ ಏನೂ ಮೂಡಲಿಲ್ಲ. ನಾಲ್ಕನೆಯದಕ್ಕೆ ಡೈ ತನಕ ಹೋಗುವುದೇ ಬೇಕಾಗಲಿಲ್ಲ. ಬಣ್ಣ ಎದ್ದ ಕೂಡಲೇ ಒಳ ಅಂಚಿನಲ್ಲಿ ಗ್ರೈಂಡರ್ ಆಡಿಸಿದ ಗೆರೆ, ಅದರ ಕೆಳಗೆ ವೆಲ್ಡಿಂಗ್. ಎರಡು ಬೆರಳಗಲದ ಬೆಸುಗೆ, ನೀಟಾಗಿ ತೇದು ಸಮ ಮಾಡಿದ್ದಾರೆ. ಆದರೂ ಕುತೂಹಲಕ್ಕೆ ಡೈ ಹಾಕಿದೆ. ಬೆಸುಗೆಯ ಒಂದು ತುದಿಯಿಂದ ಸಣ್ಣ ಕೆಂಪು ಗೆರೆ ಹೊರಟಿತು.

ಗೆರೆ ಬರದಿದ್ದರೂ ಅದನ್ನು ಬೇಡ ಅನ್ನುತ್ತಿದ್ದೆ. ಇಂಥ ವೀಲ್‌ಗಳು ಹೆಚ್ಚಾಗಿ ಎ356 ಅನ್ನುವ ಎರಕದವು. ಅಲ್ಯೂಮಿನಿಯಂಗೆ ಶೇಕಡ 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ. ಅದನ್ನು 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟಾಗ ಗಟ್ಟಿತನ ಬರುತ್ತದೆ. ಇದಕ್ಕೆ ಟಿ6 ಅನ್ನುತ್ತಾರೆ. ವೆಲ್ಡಿಂಗ್ ಶಾಖ ಬೆಸುಗೆಯ ಸುತ್ತ ಆ ಗಟ್ಟಿತನವನ್ನು ಅಳಿಸಿಹಾಕುತ್ತದೆ. ಬೆಸುಗೆ ಗಟ್ಟಿಯೇ ಇದ್ದರೂ ಅದರ ಪಕ್ಕದ ಲೋಹ ಸೋಲುತ್ತದೆ. ಗುಂಡಿಯ ಪೆಟ್ಟು ಬೀಳುವುದೂ ಅದೇ ಅಂಚಿಗೆ.

ಮಾರಿದವರಿಗೆ ಫೋಟೋ ಕಳಿಸಿದೆ. ತಮಗೂ ಹಾಗೇ ಬಂದಿತ್ತು ಅಂದರು. ಇರಬಹುದು. ಆ ಒಂದರ ದುಡ್ಡು ವಾಪಸ್ ಕೊಟ್ಟರು, ವೀಲ್ ಬೇಡ ಅಂದರು.

ತಿರುಗಿಸಿ ನೋಡಿದ್ದು

ಉಳಿದ ಮೂರನ್ನು ಹಬ್‌ಗೆ ಬಿಗಿದು ಡಯಲ್ ಗೇಜ್ ಇಟ್ಟೆ. ತಿರುಗುವಾಗ ಟೈರ್ ಕೂರುವ ಜಾಗ ಮೇಲೆ ಕೆಳಗೆ ಎಷ್ಟು ಓಲಾಡುತ್ತದೆ, ಅಡ್ಡಕ್ಕೆ ಎಷ್ಟು ಅಂತ ಅಳೆಯಲು. ನನ್ನ ಸರ್ವಿಸ್ ಮ್ಯಾನುಯಲ್ ಕೊಡುವ ಮಿತಿ 1 ಮಿ.ಮೀ. ಎರಡು 0.3ರ ಒಳಗೇ ಇವೆ. ಇನ್ನೊಂದು ಅಡ್ಡಕ್ಕೆ 0.8. ಮಿತಿಯೊಳಗೆ ಇದೆ, ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ಕಾಯಿಸಿ ನೆಟ್ಟಗೆ ಮಾಡಿಸುವ ಯೋಚನೆ ಇಲ್ಲ.

ವೀಲ್ ಜೊತೆ ಬಂದ ಟೈರ್‌ಗಳಲ್ಲಿ 2316 ಅಂತಿತ್ತು. 2016ರ 23ನೇ ವಾರದವು. ಟ್ರೆಡ್ (ರಸ್ತೆಗೆ ತಾಗುವ ಪಟ್ಟಿ) ಚೆನ್ನಾಗಿಯೇ ಇತ್ತು, ಆದರೂ ವಯಸ್ಸಾಯಿತು ಅಂತ ಬಿಚ್ಚಿಸಿ ಬಿಸಾಕಿದೆ.

ಈಗ ಎಲ್ಲಿಗೆ ಬಂತು

ವೆಲ್ಡ್ ಆದ ವೀಲನ್ನು ಗ್ರೈಂಡರ್‌ನಲ್ಲಿ ಅಂಚಿನಿಂದ ಸ್ಪೋಕ್ ತನಕ ಕತ್ತರಿಸಿ ಗುಜರಿಗೆ ಇಟ್ಟಿದ್ದೇನೆ. ಇಡಿಯಾಗಿ ಕೊಟ್ಟರೆ ಮತ್ತೊಮ್ಮೆ ಕಪ್ಪು ಪೇಂಟ್ ಹೊಡೆಸಿಕೊಂಡು ಇನ್ಯಾರದ್ದೋ ಕಾರಿಗೆ ಹೋಗುತ್ತದೆ, ಅಲ್ವಾ? ಅದೇ ಮಾದರಿಯ ಒಂದು ಬಿಡಿ ವೀಲ್ ಹುಡುಕುತ್ತಿದ್ದೇನೆ. ಸಿಕ್ಕಿದರೆ ಅದಕ್ಕೂ ಇದೇ ಸಾಲು ಪರೀಕ್ಷೆ. ಅಲ್ಲಿಯವರೆಗೆ ಕಾರು ಸ್ಟೀಲ್ ರಿಮ್‌ನಲ್ಲೇ ಓಡುತ್ತದೆ.

ಈ ನಡುವೆ ಹಬ್ ರಿಂಗ್ ಬಂದರೆ ಮುಂದಿನ ಎರಡಕ್ಕೆ ಹೊಸ ಟೈರ್ ಹಾಕಿಸಿ ಜಾಗ ಅಳೆಯಬೇಕು. ಸ್ಟೀಲ್ ರಿಮ್ ಇಟಿ 45, ಇದು 38. ಅಂದರೆ ಚಕ್ರದ ನಡುಗೆರೆ 7 ಮಿ.ಮೀ. ಹೊರಗೆ ಬರುತ್ತದೆ. ರಿಮ್ ಅಗಲವೂ ಜಾಸ್ತಿ. ಸ್ಪ್ರಿಂಗ್ ತೆಗೆದು ಸಸ್ಪೆನ್ಶನ್ ಪೂರ್ತಿ ಮೇಲಕ್ಕೆತ್ತಿ, ಸ್ಟೇರಿಂಗ್ ಎರಡೂ ಕಡೆ ಕೊನೆತನಕ ತಿರುಗಿಸಿ, ಫೆಂಡರ್‌ಗೆ ಎಲ್ಲಿ ತಾಗುತ್ತದೆ ನೋಡಬೇಕು. ಬ್ರೇಕ್ ಕ್ಯಾಲಿಪರ್ ಮತ್ತು ಸ್ಪೋಕ್ ನಡುವಿನ ಸಂದಿಯನ್ನೂ ಅವತ್ತೇ ಅಳೆಯುತ್ತೇನೆ.