ಟಿಪ್ಸನ್ನು ಹುಲಿಗೆ ಕಟ್ಟಬೇಡಿ

ಚಿಕ್ಕಮಗಳೂರಿನಿಂದ ಮಲ್ಲಂದೂರು ಕಡೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟದ ಹೋಂಸ್ಟೇ ಇದೆ. ನನಗೆ ಕೆಲಸ ಅಲ್ಲೇ. ಬುಕಿಂಗ್ ಫೋನ್ ನನ್ನ ಕೈಯಲ್ಲಿರುತ್ತದೆ. ಬಂದವರ ರೂಮು, ಊಟ, ಜೀಪು ಎಲ್ಲ ನೋಡಿಕೊಳ್ಳುವುದು ನಾನೇ. ಇದರಲ್ಲಿ ಜಾಸ್ತಿ ಮಾತಾಡಿಸುವುದು ಸಫಾರಿ. ಹಾಸನದವರಿರಲಿ, ಬೆಂಗಳೂರಿನವರಿರಲಿ, ರೂಮಿನ ರೇಟು ಕೇಳುವ ಮೊದಲೇ ಕೇಳುತ್ತಾರೆ: "ಹುಲಿ ಗ್ಯಾರಂಟಿನಾ ಮೇಡಂ?"

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ತುಂಬ ಮುಖ್ಯವಾದದ್ದು ಟಿಪ್ಸಿನ ವಿಷಯ. ಇಷ್ಟು ಸಣ್ಣ ವಿಷಯವಾ ಅನ್ನಿಸಬಹುದು. ಆದರೆ ಒಂದು ಸಫಾರಿ ಚೆನ್ನಾಗಿ ಆಗುವುದು, ಕೆಡುವುದು ಅರ್ಧಕ್ಕರ್ಧ ಅದರ ಮೇಲೆ ನಿಂತಿದೆ ಅಂತ ನಾನು ನಂಬಿದ್ದೇನೆ. ಪ್ರವಾಸದ ಕೆಲಸದಲ್ಲಿರುವವರಿಗೂ ಕಾಡು ನೋಡಲು ಹೊರಟವರಿಗೂ ಇದು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಆ ಗ್ಯಾರಂಟಿ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಗ್ಯಾರಂಟಿ ಇಲ್ಲ. ನಮಗೆ ಹತ್ತಿರದ ಕಾಡು ಭದ್ರಾ. 1951ರಲ್ಲಿ ಜಾಗರ ಕಣಿವೆ ವನ್ಯಧಾಮ ಅಂತ ಶುರುವಾಗಿ, 1974ರಲ್ಲಿ ದೊಡ್ಡದಾಗಿ ಭದ್ರಾ ಅನ್ನೋ ಹೆಸರು ಪಡೆದು, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಸಫಾರಿ ಹೊರಡುವ ಜಾಗ ನಮ್ಮ ಕಡೆಯಿಂದ ಹೋದರೆ ಮುತ್ತೋಡಿ, ತರೀಕೆರೆ ಕಡೆಯಿಂದ ಹೋದರೆ ಲಕ್ಕವಳ್ಳಿ. ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಸುಮಾರು 38 ಕಿಲೋಮೀಟರ್. ಬೆಳಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಹಾಗಾಗಿ ಒಂದು ದಿನದ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ.

ಆದರೆ ಇದು ಬಂಡೀಪುರ, ನಾಗರಹೊಳೆ ಅಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಅಂದಾಜಾಯಿತು. ಮಧ್ಯಪ್ರದೇಶ ಬಿಟ್ಟರೆ ನಾವೇ. ಅದರಲ್ಲಿ ಬಂಡೀಪುರದ್ದೇ 150, ನಾಗರಹೊಳೆಯದ್ದು 141. ಭದ್ರಾದಲ್ಲಿ ಅಷ್ಟಿಲ್ಲ. ಮೇಲಾಗಿ ಇಲ್ಲಿ ಬಿದಿರು ದಟ್ಟ, ಲಂಟಾನ ದಟ್ಟ. ಹತ್ತು ಮಾರು ದೂರದಲ್ಲಿ ಹುಲಿ ಮಲಗಿದ್ದರೂ ನಮ್ಮ ಕಣ್ಣಿಗೆ ಬೀಳಲ್ಲ. ನಾಗರಹೊಳೆ ಪಕ್ಕದ ಕಬಿನಿಯಲ್ಲಿ ಬೇಸಿಗೆಗೆ ಹಿನ್ನೀರು ಇಳಿದು ಹುಲ್ಲು ಚಿಗುರುತ್ತದೆ, ಪ್ರಾಣಿಗಳೆಲ್ಲ ಬಯಲಿಗೆ ಬರುತ್ತವೆ. ಅಲ್ಲಿ ಹುಲಿ ಜಾಸ್ತಿ ಕಾಣುವುದಕ್ಕೆ ಅದೂ ಒಂದು ಕಾರಣ. ಇದನ್ನೆಲ್ಲ ನಾನು ಫೋನಿನಲ್ಲೇ ಹೇಳುತ್ತೇನೆ. ಕೇಳಿದ ಮೇಲೂ ಬರುವವರು ಬರುತ್ತಾರೆ. ಬರದವರೂ "ನಿಜ ಹೇಳಿದ್ರಲ್ಲ, ಥ್ಯಾಂಕ್ಸ್" ಅಂತ ಫೋನ್ ಇಡುತ್ತಾರೆ.

"ಹುಲಿ ಕಾಣದಿದ್ದರೂ ಪರವಾಗಿಲ್ಲ, ಕಾಡು ನೋಡೋದೇ ಖುಷಿ" ಅಂತ ಕೆಲವರು ಸಮಾಧಾನ ಹೇಳುವುದಿದೆ. ನಾನು ಹಾಗೆ ಹೇಳಲ್ಲ. ಹುಲಿ ನೋಡಬೇಕು ಅಂತ ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿಕೊಂಡು ಬಂದವರಿಗೆ ಕಾಣದಿದ್ದರೆ ಬೇಜಾರಾಗುತ್ತದೆ. ಆ ಬೇಜಾರು ಸುಳ್ಳಲ್ಲ. ಅವರಿಗೆ ಹುಲಿ ಕಾಣುವ ಅವಕಾಶವನ್ನು ಆದಷ್ಟು ಹೆಚ್ಚಿಸುವುದು ನಮ್ಮ ಕೆಲಸ. ಟಿಪ್ಸಿನ ವಿಷಯ ಬರುವುದು ಇಲ್ಲೇ.

ಒಮ್ಮೆ ನಮ್ಮ ಅತಿಥಿಗಳ ಜೊತೆ ನಾನೂ ಸಫಾರಿಗೆ ಹೋಗಿದ್ದೆ. ಅದು ಭದ್ರಾ ಅಲ್ಲ, ಬೇರೆ ಜಿಲ್ಲೆಯ ಕಾಡು, ಹೆಸರು ಬೇಡ. ಜೀಪು ಹತ್ತುವಾಗಲೇ ಒಬ್ಬರು ಡ್ರೈವರ್ ಹೆಗಲ ಮೇಲೆ ಕೈ ಹಾಕಿ, "ಹುಲಿ ತೋರಿಸಪ್ಪಾ, ಎರಡು ಸಾವಿರ ಕೊಡ್ತೀನಿ. ಇಲ್ಲಾಂದ್ರೆ ಏನೂ ಇಲ್ಲ ನೋಡು" ಅಂದರು. ಒಳ್ಳೆಯ ಮನುಷ್ಯರು, ನಗುತ್ತಲೇ ಹೇಳಿದ್ದು. ಜೀಪಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರ್ ಹುಡುಗನೂ ನಕ್ಕ.

ಅಲ್ಲಿಂದ ಮುಂದೆ ಜೀಪು ನಿಲ್ಲಲೇ ಇಲ್ಲ. ಕಾಟಿಗಳ ಹಿಂಡು ಬಂತು, ದಾಟಿ ಹೋಯಿತು. ಮರದ ಮೇಲೆ ಕೆಂಜಳಿಲು ಬಾಲ ಇಳಿಬಿಟ್ಟುಕೊಂಡು ಕೂತಿತ್ತು, ಮಕ್ಕಳು ಬೆರಳು ತೋರಿಸುವಷ್ಟರಲ್ಲಿ ಹಿಂದೆ ಉಳಿಯಿತು. ಒಂದು ತಿರುವಿನಲ್ಲಿ ಹೆಣ್ಣು ಕಡವೆಯೊಂದು ರಸ್ತೆ ಪಕ್ಕ ನಿಂತಿತ್ತು. ಬಾಲ ನೆಟ್ಟಗೆ ಮೇಲೆ. ಎರಡೂ ಕಿವಿ ಒಂದೇ ಕಡೆಗೆ. ಮುಂದಿನ ಒಂದು ಕಾಲನ್ನು ಎತ್ತಿ ಎತ್ತಿ ನೆಲಕ್ಕೆ ಬಡಿಯುತ್ತಿತ್ತು. ಜೀಪು ಅಷ್ಟು ಹತ್ತಿರ ಬಂದರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಅದು ನೋಡುತ್ತಿದ್ದದ್ದು ಲಂಟಾನ ಪೊದೆಯ ಕಡೆ. ಡ್ರೈವರ್ ನೋಡಿದ, ಬ್ರೇಕ್ ಮೇಲೆ ಕಾಲೂ ಇಟ್ಟ. ಅಷ್ಟರಲ್ಲಿ ಎದುರಿನಿಂದ ಬಂದ ಜೀಪಿನವರು "ಕೆರೆ ಹತ್ರ ಇದೆಯಂತೆ" ಅಂದರು. ನಮ್ಮ ಜೀಪು ಕೆರೆ ಕಡೆಗೆ ಓಡಿತು. ಅಲ್ಲಿ ಆಗಲೇ ಸಾಲುಗಟ್ಟಿ ಜೀಪುಗಳು. ಇಂಜಿನ್ ಸದ್ದು, ಧೂಳು, ಜನರ ಮಾತು. ಹುಲಿ ಎದ್ದು ಹೋಗಿತ್ತು.

ವಾಪಸ್ ಬಂದ ಮೇಲೆ ಟೀ ಅಂಗಡಿ ಹತ್ತಿರ ಆ ಹುಡುಗ ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಆ ಕಡವೆ ಹತ್ರ ನಿಲ್ಲಬೇಕು ಅಂತ ನಂಗೂ ಗೊತ್ತಿತ್ತು ಅಕ್ಕ. ನಿಂತು ಹುಲಿ ಬರದಿದ್ರೆ, ಕೆರೆ ಹತ್ರ ಯಾಕೆ ಹೋಗಲಿಲ್ಲ ಅಂತ ಬೈಯೋರು. ಕೆರೆ ಹತ್ರ ಹೋಗಿ ಸಿಗದಿದ್ರೆ ನನ್ನ ತಪ್ಪಲ್ವಲ್ಲ."

ಅವನ ಮಾತಿನಲ್ಲಿ ಎಲ್ಲವೂ ಇದೆ. ಆ ಪೊದೆಯಲ್ಲಿ ಹುಲಿ ಇತ್ತಾ, ಚಿರತೆ ಇತ್ತಾ, ಯಾರಿಗೂ ಗೊತ್ತಿಲ್ಲ. ಆದರೆ ಕಾಡು ಬಲ್ಲ ಹುಡುಗ ತನಗೆ ಸರಿ ಅನ್ನಿಸಿದ್ದನ್ನು ಬಿಟ್ಟು, ಬೈಗುಳ ತಪ್ಪಿಸುವ ದಾರಿ ಹಿಡಿದ. ಎರಡು ಸಾವಿರದ ಆಸೆ ಅವನ ಕಣ್ಣನ್ನೂ ಕಿವಿಯನ್ನೂ ಚುರುಕು ಮಾಡಲಿಲ್ಲ, ಕಟ್ಟಿಹಾಕಿತು. ಕೊನೆಗೆ ಅವನಿಗೂ ಬಿಡಿಗಾಸು ಸಿಗಲಿಲ್ಲ. ಮೂರು ಗಂಟೆ ಗಾಡಿ ಓಡಿಸಿದ ಕೆಲಸಕ್ಕೆ ಬೆಲೆಯೇ ಇಲ್ಲದ ಹಾಗಾಯಿತು.

ಇದನ್ನು ನಮ್ಮ ಎಸ್ಟೇಟಿನ ಯಜಮಾನರ ಹತ್ತಿರ ಹೇಳಿದೆ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಕಾಫಿ ಕೊಯ್ಲೂ ಹೀಗೇ ಅಲ್ವೇನಮ್ಮ" ಅಂದರು. ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಗಿಡವನ್ನೇ ಸೋಸಿಬಿಡುತ್ತಾರೆ. ಹಣ್ಣಿನ ಜೊತೆ ಹಸಿರು ಕಾಯಿ, ಎಲೆ ಎಲ್ಲ ಚೀಲಕ್ಕೆ. ಬರೀ ಹಣ್ಣು ಬೇಕು ಅಂದರೆ ದಿನಗೂಲಿ ಕೊಡಬೇಕು. ಆಗ ಕೊಯ್ಯುವವರಿಗೂ ಬಿಡಿಸಿ ನೋಡಿ ಕೊಯ್ಯಲು ಪುರುಸೊತ್ತು ಇರುತ್ತದೆ.

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ನಮ್ಮ ಮೂಲಕ ಸಫಾರಿಗೆ ಹೋಗುವವರಿಗೆ ಬುಕಿಂಗ್ ಮಾಡುವಾಗಲೇ ಹೇಳುತ್ತೇವೆ: ಟಿಪ್ಸ್ ಕೊಡುವ ಮನಸ್ಸಿದ್ದರೆ ಎಷ್ಟು ಅಂತ ಮೊದಲೇ ತೀರ್ಮಾನ ಮಾಡಿ, ಕವರಿನಲ್ಲಿ ಹಾಕಿ, ಜೀಪು ಹತ್ತುವ ಮೊದಲೇ ಕೊಟ್ಟುಬಿಡಿ. ಕಡ್ಡಾಯ ಅಲ್ಲ. ಕೊಡುವುದಾದರೆ ಹೀಗೆ. ಕೊಡುವಾಗ ಇಷ್ಟು ಹೇಳಿದರೆ ಸಾಕು: "ಹುಲಿ ಬಂದ್ರೂ ಬರದಿದ್ರೂ ಇದು ನಿಮ್ಮದು. ನಿಮಗೆ ಎಲ್ಲಿ ನಿಲ್ಲಬೇಕು ಅನ್ಸುತ್ತೋ ಅಲ್ಲಿ ನಿಲ್ಲಿಸಿ, ನಾವು ಕಾಯ್ತೀವಿ."

ಇದಕ್ಕೆ ವಾದ ಮಾಡಿದವರು ಬಹಳ ಜನ. "ಮೊದಲೇ ದುಡ್ಡು ಕೈಗೆ ಬಂದ್ರೆ ಮನಸ್ಸಿಟ್ಟು ಓಡಿಸ್ತಾನಾ?" ಅಂತ. ಕೇಳುವುದು ಸಹಜ. ಬೇರೆ ಎಷ್ಟೋ ಕೆಲಸಕ್ಕೆ ಆ ಮಾತು ಸರಿಯೂ ಇರಬಹುದು. ಆದರೆ ಹುಲಿ ಡ್ರೈವರ್ ಕೈಯಲ್ಲಿಲ್ಲ. ಅದು ಓಡಾಡುವುದು ಹೆಚ್ಚಾಗಿ ಮುಸ್ಸಂಜೆ, ರಾತ್ರಿ, ನಸುಕಿನಲ್ಲಿ. ಒಂದು ಕಡವೆ ಹೊಡೆದರೆ ಎರಡು ಮೂರು ದಿನ ಅದರ ಹತ್ತಿರವೇ ಬಿದ್ದುಕೊಂಡಿರುತ್ತದೆ, ದಾರಿಗೆ ಬರುವುದೇ ಇಲ್ಲ. ಡ್ರೈವರ್ ಕೈಯಲ್ಲಿರುವುದು ಬ್ರೇಕು, ಇಂಜಿನ್ ಕೀಲಿ, ಮತ್ತೆ ಅವನ ಕಣ್ಣು ಕಿವಿ. ದುಡ್ಡು ಕೊಡಬೇಕಾದದ್ದು ಅದಕ್ಕೆ. ಅವನ ಕೈಯಲ್ಲಿಲ್ಲದ್ದಕ್ಕೆ ದುಡ್ಡು ಕಟ್ಟಿದರೆ ಅವನು ಮಾಡಬಹುದಾದದ್ದು ಒಂದೇ, ವೇಗ. ವೇಗ ಹೆಚ್ಚಾದರೆ ಕಾಡಿನಲ್ಲಿ ಏನೂ ಕೇಳಿಸಲ್ಲ.

ನಿಯಮದ ವಿಷಯವೂ ಇದೆ. ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರಕಾರ ಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರ ಇರಬೇಕು. ಪ್ರಾಣಿ ನೋಡುವಾಗ ಎರಡು ಗಾಡಿಗಳ ನಡುವೆ 50 ಮೀಟರ್ ಅಂತರ ಇರಬೇಕು. "ಇನ್ನೂ ಸ್ವಲ್ಪ ಹತ್ರ ಹೋಗಪ್ಪಾ, ಆಮೇಲೆ ನಿನ್ನನ್ನ ನೋಡ್ಕೋತೀನಿ" ಅಂತ ಹಿಂದಿನ ಸೀಟಿನಿಂದ ಯಾರೋ ಹೇಳಿದಾಗ ಮುರಿಯುವುದು ಈ ನಿಯಮವೇ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಡ್ರೈವರಿಗೆ, ಹೇಳಿದವರಿಗಲ್ಲ.

ಕವರ್ ಕೊಡುವುದು ಶುರುವಾದ ಮೇಲೆ ಮುತ್ತೋಡಿಗೆ ಹೋದ ಒಂದು ಬೆಳಗ್ಗೆಯ ಬಗ್ಗೆ ಹೇಳಬೇಕು. ಮಾರ್ಚ್ ತಿಂಗಳು. ಜೀಪಿನ ಡ್ರೈವರ್ ವಯಸ್ಸಾದವರು, ಮಾತು ಕಡಿಮೆ. ಕವರ್ ತಗೊಂಡು ಜೇಬಿಗೆ ಹಾಕಿಕೊಂಡರು, ಅಷ್ಟೇ. ಸ್ವಲ್ಪ ದೂರ ಹೋದ ಮೇಲೆ ಜೀಪು ನಿಲ್ಲಿಸಿ ಕೆಳಗೆ ನೋಡಿ ಅಂದರು. ಮಣ್ಣುದಾರಿಯ ಮೇಲೆ ಹೆಜ್ಜೆ. ದುಂಡು ದುಂಡು ಬೆರಳು ನಾಲ್ಕು, ಹಿಂದೆ ದಪ್ಪ ಅಂಗಾಲು, ಉಗುರಿನ ಗುರುತಿಲ್ಲ. "ಟೈರ್ ಗುರುತು ಕೆಳಗಿದೆ, ಹೆಜ್ಜೆ ಮೇಲಿದೆ ನೋಡಿ. ನಿನ್ನೆ ಸಂಜೆ ಗಾಡಿ ಹೋದ ಮೇಲೆ ನಡ್ಕೊಂಡು ಹೋಗಿದ್ದು" ಅಂದರು. ಮಕ್ಕಳು ಜೀಪಿನ ಪಕ್ಕಕ್ಕೆ ಬಗ್ಗಿ ಬಗ್ಗಿ ನೋಡಿದರು. ಇಳಿಯುವ ಹಾಗಿಲ್ಲವಲ್ಲ.

ಮುಂದೆ ಸೋಮವಾಹಿನಿ ಹೊಳೆ ಹತ್ತಿರ ಮುಸುವ, ಅಂದರೆ ಕಪ್ಪು ಮುಖದ ಕೋತಿ, ಗಾಬರಿಯಿಂದ ಕೂಗಿತು. ಅವರು ತಕ್ಷಣ ಇಂಜಿನ್ ಆಫ್ ಮಾಡಿದರು. ಸ್ವಲ್ಪ ಹೊತ್ತಿಗೆ ಕಡವೆಯೂ ಕೂಗಿತು. ಜಿಂಕೆ ಸುಮ್ನೆ ಗಾಬರಿಯಾಗಿ ಕೂಗಬಹುದು, ಕಡವೆ ಬಿಡದೆ ಕೂಗಿದರೆ ಬೇಟೆಯಾಡುವ ಪ್ರಾಣಿ ಹತ್ತಿರದಲ್ಲಿದೆ ಅಂತ ನಂಬಬಹುದು ಅಂತ ಇಲ್ಲಿಯವರು ಹೇಳುತ್ತಾರೆ. ಕಾದೆವು. ಯಾರೂ ಮುಂದೆ ಹೋಗೋಣ ಅನ್ನಲಿಲ್ಲ. ಬಿದಿರು ಮೆಳೆಯ ಆಚೆಯಿಂದ ಕೊನೆಗೆ ಬಂದದ್ದು ಹುಲಿಯಲ್ಲ, ಸೀಳುನಾಯಿಗಳು. ಕೆಂಚು ಮೈ, ಕಪ್ಪು ಬಾಲದ ಗುಂಪು. ಒಂದು ನಮ್ಮ ಜೀಪಿನ ಮುಂದೆಯೇ ಕೂತು, ಬಾಯಿ ತೆರೆದು, ನಮ್ಮನ್ನೇ ನೋಡಿತು. ಜಗತ್ತಿನಲ್ಲಿ ಹುಲಿಯ ಹಾಗೆ ಸೀಳುನಾಯಿಯೂ ಅಳಿವಿನಂಚಿನ ಪಟ್ಟಿಯಲ್ಲಿದೆ. ಮಕ್ಕಳಿಗೆ ಹಬ್ಬ. ಅವರ ಜೊತೆ ಬಂದಿದ್ದ ದೊಡ್ಡಪ್ಪನಿಗೆ ಮಾತ್ರ ಬೇಸರ, "ಹುಲಿ ಬಿಟ್ಟು ನಾಯಿ ನೋಡಿದ ಹಾಗಾಯ್ತು" ಅಂದರು. ಅವರಿಗೆ ಸಮಾಧಾನ ಹೇಳಲು ನಾನು ಹೋಗಲಿಲ್ಲ. ಮಧ್ಯಾಹ್ನದ ಸಫಾರಿಗೆ ಜಾಗ ಇದೆಯಾ ಅಂತ ವಿಚಾರಿಸಿ ಕೊಟ್ಟೆ. ಒಂದರ ಬದಲು ಎರಡು ಸಲ ಹೋದರೆ ಅವಕಾಶ ಹೆಚ್ಚು. ಬೇಜಾರಾದವರಿಗೆ ನಾವು ಮಾಡಬಹುದಾದ ನಿಜವಾದ ಸಹಾಯ ಅದು.

ಇದರ ಜೊತೆಗೇ ನಮ್ಮ ಮನೆಯೊಳಗೂ ಒಂದು ಬದಲಾವಣೆ ಆಯಿತು. ಮೊದಲು ಸಫಾರಿಯಿಂದ ಬಂದವರನ್ನು ಗೇಟಿನಲ್ಲೇ ವಾಚ್‌ಮನ್, ಊಟಕ್ಕೆ ಕೂತಾಗ ಬಡಿಸುವವರು, ಆಮೇಲೆ ನಾನು, ಎಲ್ಲರೂ ಕೇಳುತ್ತಿದ್ದದ್ದು "ಹುಲಿ ಸಿಕ್ತಾ ಸಾರ್?" ಅಂತ. ಸಿಗದವರು ಮೂರು ಸಲ "ಇಲ್ಲ" ಅನ್ನಬೇಕು. ಯಜಮಾನರೇ ಎಲ್ಲರಿಗೂ ಹೇಳಿದರು, ಹಾಗೆ ಕೇಳಬೇಡಿ, ಏನೇನು ನೋಡಿದ್ರಿ ಅಂತ ಕೇಳಿ. ಈಗ ಅಕ್ಕಿ ರೊಟ್ಟಿ ಬಡಿಸುವಾಗ ಜನ ಅರ್ಧ ಗಂಟೆ ಕಥೆ ಹೇಳುತ್ತಾರೆ. ಡ್ರೈವರ್ ಎಲ್ಲಿ ನಿಲ್ಲಿಸಿದರು, ಇಂಜಿನ್ ಆಫ್ ಮಾಡಿದರಾ, ಏನು ತೋರಿಸಿದರು, ಎಲ್ಲ ತಾನಾಗಿ ಬರುತ್ತದೆ. ಯಾವ ಡ್ರೈವರ್ ಹೇಗೆ ಅಂತ ನನಗೆ ತಿಳಿಯುವುದೂ ಹೀಗೇ. ಹುಲಿ ಸಿಕ್ಕಿತಾ ಇಲ್ಲವಾ ಅನ್ನುವುದರಿಂದ ಅದು ತಿಳಿಯಲ್ಲ.

ಫೋನ್ ತೆಗೆಯುವ ನಮಗೂ ಒಂದು ಕಾಲಕ್ಕೆ ಸಫಾರಿ ಬುಕಿಂಗಿಗೆ ಕಮಿಷನ್ ಕೊಡುವ ಮಾತು ಬಂದಿತ್ತು. ಯಜಮಾನರು ಬೇಡ ಅಂದರು. ತಲೆಗಿಷ್ಟು ಅಂತ ಸಿಗುವುದಾದರೆ "ನಿನ್ನೆ ತಾನೇ ಕಾಣಿಸಿತ್ತು ಸಾರ್, ಬನ್ನಿ" ಅನ್ನುವ ಮಾತು ಬಾಯಿಗೆ ತಾನಾಗಿ ಬರುತ್ತದೆ. ನನಗೆ ಸಂಬಳವೇ ಸ್ವಲ್ಪ ಜಾಸ್ತಿ ಮಾಡಿದರು. ಹಾಗಾಗಿ ಜುಲೈ ತಿಂಗಳಲ್ಲಿ ಯಾರಾದರೂ ಹುಲಿಗೆ ಅಂತಲೇ ಫೋನ್ ಮಾಡಿದರೆ, ಈಗ ಮಳೆ, ಕಾಡು ಹಸಿರು ತುಂಬಿರುತ್ತೆ, ಜಿಗಣೆ ಕಾಟ, ಮಾರ್ಚ್‌ ಏಪ್ರಿಲ್‌ನಲ್ಲಿ ಬನ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಇನ್ನೂ ಸರಿಹೋಗದ್ದು ಒಂದಿದೆ. ಜೀಪಿನಲ್ಲಿ ನಮ್ಮವರ ಜೊತೆ ಬೇರೆ ಕಡೆಯಿಂದ ಬಂದವರೂ ಇರುತ್ತಾರೆ. ನಮ್ಮವರು ಕವರ್ ಕೊಟ್ಟು ಸುಮ್ಮನೆ ಕೂತರೂ, ಪಕ್ಕದವರು "ತೋರಿಸಿದ್ರೆ ಇಷ್ಟು" ಅಂತ ಶುರು ಮಾಡುತ್ತಾರೆ. ಅದಕ್ಕೆ ನಮ್ಮ ದಾರಿಯಲ್ಲಿರುವ ಬೇರೆ ಹೋಂಸ್ಟೇಯವರ ಹತ್ತಿರ ಮಾತಾಡುತ್ತಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಬುಕಿಂಗ್ ಮೆಸೇಜಿನಲ್ಲಿ ಎರಡು ಸಾಲು ಸೇರಿಸುವುದಷ್ಟೇ, ಖರ್ಚೇನೂ ಇಲ್ಲ. ಈ ಕಡೆ ಹೋಂಸ್ಟೇ, ಟ್ಯಾಕ್ಸಿ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಸೇರಿಸಿ. ನಾನು ಕಳಿಸುವ ಸಾಲುಗಳನ್ನೇ ಬೇಕಾದರೆ ತಗೊಳ್ಳಿ: "ಟಿಪ್ಸ್ ಕೊಡುವುದಾದರೆ ಹೊರಡುವ ಮೊದಲೇ ಕೊಡಿ. ಹುಲಿ ತೋರಿಸಿದರೆ ಇಷ್ಟು ಅಂತ ಡ್ರೈವರಿಗೆ ದಯವಿಟ್ಟು ಹೇಳಬೇಡಿ."