ಬೇರೆಯವರ ಮನೆ, ಬೇರೆಯವರ ಹಣ: ವಸತಿ ಆಸ್ತಿ ನಿರ್ವಾಹಕರಿಗೆ ಸಂಘ ಏಕೆ ಬೇಕು

ಬಾಡಿಗೆ ಮನೆಗಳ ನಿರ್ವಹಣೆಯನ್ನು ವೃತ್ತಿಯಾಗಿ ಮಾಡುವವರು ಸದಾ ಇಬ್ಬರ ನಡುವೆ ನಿಂತಿರುತ್ತಾರೆ. ಮನೆಯನ್ನು ಇವರ ಕೈಗೆ ಒಪ್ಪಿಸಿ ದೂರದಲ್ಲೆಲ್ಲೋ ಇರುವ ಮಾಲೀಕರು ಒಬ್ಬರು, ಆ ಮನೆಯಲ್ಲೇ ಸಂಸಾರ ಹೂಡಿರುವ ಬಾಡಿಗೆದಾರರು ಇನ್ನೊಬ್ಬರು. ಶುಲ್ಕ ಬರುವುದು ಮಾಲೀಕರಿಂದಲೇ ಆದರೂ ಅರ್ಧರಾತ್ರಿಯಲ್ಲಿ ಪೈಪು ಒಡೆದಾಗ ಕರೆ ಬರುವುದು ಬಾಡಿಗೆದಾರರಿಂದ. ತಿಂಗಳ ಬಾಡಿಗೆ, ಭದ್ರತಾ ಠೇವಣಿ, ದುರಸ್ತಿಗೆಂದು ತೆಗೆದಿಟ್ಟ ಮೊತ್ತ ಎಲ್ಲವೂ ಹಾದುಹೋಗುವುದು ಈ ಮೂರನೆಯವರ ಕೈಯಿಂದ. ಆ ಹಣ ಯಾವ ಖಾತೆಯಲ್ಲಿದೆ, ಯಾವ ಕೆಲಸಕ್ಕೆ ಯಾರಿಗೆ ಎಷ್ಟು ಸಂದಿದೆ ಎಂಬುದನ್ನು ದಿನದಿನವೂ ನೋಡುವ ಅವಕಾಶ ಮಾತ್ರ ಮಾಲೀಕರಿಗೂ ಇಲ್ಲ, ಬಾಡಿಗೆದಾರರಿಗೂ ಇಲ್ಲ. ಇದೇ ಕೆಲಸದಲ್ಲಿರುವ ನಾನು ವೃತ್ತಿಪರ ಸಂಘದ ಪಾತ್ರದ ಬಗ್ಗೆ ಯೋಚಿಸುವಾಗಲೆಲ್ಲ ಇಲ್ಲಿಂದಲೇ ಹೊರಡುತ್ತೇನೆ. ಯಾರಿಗೂ ಕಾಣದ ಆ ಲೆಕ್ಕದ ಪುಸ್ತಕವನ್ನು ಅದೇ ಕೆಲಸ ಬಲ್ಲವರ ಕಣ್ಣಿಗೆ ಬೀಳುವಂತೆ ಮಾಡುವುದು ಸಂಘದ ಮೊದಲ ಹೊಣೆ ಎಂದು ನಾನು ನಂಬಿದ್ದೇನೆ. ಸಮ್ಮೇಳನ, ಪರಿಚಯ, ವಿಮೆಯ ರಿಯಾಯಿತಿ ಇವೆಲ್ಲ ಅದರ ನಂತರದವು.

ಈ ನಂಬಿಕೆಗೆ ಚರಿತ್ರೆಯ ಬೆಂಬಲವೂ ಇದೆ. ಅಮೆರಿಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ರಿಯಲ್ ಎಸ್ಟೇಟ್ ಮ್ಯಾನೇಜ್‌ಮೆಂಟ್ ಹುಟ್ಟಿದ್ದು 1933ರಲ್ಲಿ, ಮಹಾ ಆರ್ಥಿಕ ಕುಸಿತ ನಡೆದಿದ್ದ ಕಾಲದಲ್ಲಿ. ಸಾಲ ತೀರಿಸಲಾಗದ ಮಾಲೀಕರ ಕಟ್ಟಡಗಳು ಒಂದೊಂದಾಗಿ ಬ್ಯಾಂಕುಗಳ ಮತ್ತು ವಿಮಾ ಕಂಪನಿಗಳ ವಶಕ್ಕೆ ಬರುತ್ತಿದ್ದವು. ಅವುಗಳನ್ನು ಬಾಡಿಗೆಗೆ ಕೊಟ್ಟು, ವಸೂಲು ಮಾಡಿ, ಕಾಪಾಡಿಕೊಂಡು ಹೋಗಲು ನಂಬಿಕಸ್ಥರು ಬೇಕಾಗಿದ್ದರು. ಆಗ ಒಂದುಗೂಡಿದ ನಿರ್ವಹಣಾ ಸಂಸ್ಥೆಗಳು ತಮಗೆ ತಾವೇ ಹಾಕಿಕೊಂಡ ನಿಯಮಗಳು ಸರಳವಾಗಿದ್ದವು: ಗ್ರಾಹಕರ ಹಣವನ್ನು ಸಂಸ್ಥೆಯ ಸ್ವಂತ ಹಣದೊಂದಿಗೆ ಬೆರೆಸಬಾರದು, ಹಣ ಮುಟ್ಟುವ ನೌಕರರಿಗೆ ಪ್ರಾಮಾಣಿಕತೆಯ ವಿಮಾ ಖಾತರಿ (ಅವರು ಹಣ ಲಪಟಾಯಿಸಿದರೆ ನಷ್ಟ ತುಂಬಿಕೊಡುವ ವಿಮೆ) ಇರಬೇಕು, ಮಾಲೀಕರಿಗೆ ತಿಳಿಸದೆ ಖರೀದಿಯಲ್ಲಾಗಲಿ ದುರಸ್ತಿಯಲ್ಲಾಗಲಿ ಕಮಿಷನ್ ಪಡೆಯಬಾರದು. ತೊಂಬತ್ತು ವರ್ಷಗಳ ನಂತರವೂ ಈ ವೃತ್ತಿಯಲ್ಲಿ ಏಳುವ ಗಂಭೀರ ದೂರುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ ಎಂಬುದು ನಾನು ಕಂಡುಕೊಂಡ ಸಂಗತಿ.

ಹಣ ಬೆರೆಯುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನವರು ಇದನ್ನು ಬರೀ ಕಳ್ಳತನವೆಂದು ತಿಳಿದಿರುತ್ತಾರೆ. ಆರಂಭದಲ್ಲಿ ಅದು ಕಳ್ಳತನದಂತೆ ಕಾಣುವುದೇ ಇಲ್ಲ. ಒಬ್ಬ ಮಾಲೀಕರ ಮನೆಯ ಛಾವಣಿ ಸೋರುತ್ತಿದೆ, ಅವರ ಖಾತೆಯಲ್ಲಿ ಹಣ ಸಾಲದು, ಗುತ್ತಿಗೆದಾರರು ಕಾಯಲು ಸಿದ್ಧರಿಲ್ಲ. ಸಾಮೂಹಿಕ ಖಾತೆಯಲ್ಲಿ ಒಟ್ಟು ಮೊತ್ತ ಸಾಕಷ್ಟಿರುವುದರಿಂದ ನಿರ್ವಾಹಕರು ಚೆಕ್ ಬರೆದುಬಿಡುತ್ತಾರೆ. ಆ ಕ್ಷಣದಲ್ಲಿ ಖರ್ಚಾದದ್ದು ಬೇರೊಬ್ಬ ಮಾಲೀಕರ ಬಾಡಿಗೆ, ಅಥವಾ ಯಾರೋ ಬಾಡಿಗೆದಾರರ ಠೇವಣಿ. ಮುಂದಿನ ತಿಂಗಳು ಸರಿಪಡಿಸೋಣ ಎಂದುಕೊಂಡದ್ದು ಮುಂದೆ ಹೋಗುತ್ತಲೇ ಇರುತ್ತದೆ, ಒಮ್ಮೆ ಕಚೇರಿಯ ಸಂಬಳಕ್ಕೂ ಅದೇ ಖಾತೆಯಿಂದ ಹಣ ಹೋಗುತ್ತದೆ. ಬಾಡಿಗೆ ಬರುತ್ತಿರುವಷ್ಟು ದಿನ ಕೊರತೆ ಹೊರಗೆ ಕಾಣುವುದಿಲ್ಲ. ಕೆಲವು ಮಾಲೀಕರು ಒಟ್ಟಿಗೆ ಕರಾರು ಮುಗಿಸಿ ಹೊರಟಾಗ, ಇಲ್ಲವೇ ಹಲವು ಠೇವಣಿಗಳನ್ನು ಒಂದೇ ಹೊತ್ತಿಗೆ ಹಿಂದಿರುಗಿಸಬೇಕಾಗಿ ಬಂದಾಗ ಖಾತೆ ಬರಿದಾಗಿರುವುದು ಗೊತ್ತಾಗುತ್ತದೆ.

ಇದನ್ನು ತಡೆಯುವ ಕ್ರಮ ಹಳೆಯದು, ಬೇಸರ ತರಿಸುವಂಥದ್ದು, ಆದರೆ ಖಚಿತವಾದದ್ದು. ಪ್ರತಿ ತಿಂಗಳು ಮೂರು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬೇಕು: ಬ್ಯಾಂಕಿನ ವಿವರಪಟ್ಟಿಯಲ್ಲಿರುವ ಶಿಲ್ಕು, ಕಚೇರಿಯ ಖಾತಾ ಪುಸ್ತಕ ತೋರಿಸುವ ಶಿಲ್ಕು, ಮತ್ತು ಒಬ್ಬೊಬ್ಬ ಮಾಲೀಕರ ಹಾಗೂ ಬಾಡಿಗೆದಾರರ ಹೆಸರಿನಲ್ಲಿರುವ ಶಿಲ್ಕುಗಳನ್ನು ಕೂಡಿದಾಗ ಬರುವ ಮೊತ್ತ. ಬ್ಯಾಂಕಿಗೆ ಇನ್ನೂ ತಲುಪದ ಚೆಕ್ಕುಗಳನ್ನು ಹೊಂದಿಸಿದ ಮೇಲೆ ಈ ಮೂರೂ ಒಂದೇ ಆಗಿರಬೇಕು. ಮೊದಲೆರಡು ಹೊಂದಿದರೆ ಸಾಕೆಂದು ನಿಲ್ಲಿಸುವವರಿದ್ದಾರೆ. ಒಬ್ಬರ ಹಣದಲ್ಲಿ ಇನ್ನೊಬ್ಬರ ಛಾವಣಿ ದುರಸ್ತಿಯಾದದ್ದು ಕಾಣಸಿಗುವುದು ಮಾತ್ರ ಮೂರನೆಯ ಮೊತ್ತವನ್ನು ಒಡೆದು ನೋಡಿದಾಗ, ಯಾರೋ ಒಬ್ಬ ಮಾಲೀಕರ ಹೆಸರಿನ ಮುಂದೆ ಸೊನ್ನೆಗಿಂತ ಕೆಳಗಿಳಿದ ಋಣ ಶಿಲ್ಕು ಎದ್ದು ಕಂಡಾಗ. ಸಂಘವೊಂದು ತನ್ನ ಸದಸ್ಯರಿಗೆ ಈ ತಾಳೆಯನ್ನು ಕಲಿಸಿ, ಮಾದರಿ ಪತ್ರಗಳನ್ನು ಕೊಟ್ಟು, ವರ್ಷಕ್ಕೊಮ್ಮೆ ಅದರ ಪುರಾವೆ ಕೇಳಿದರೆ, ಬೇರೇನನ್ನೂ ಮಾಡದಿದ್ದರೂ ಸದಸ್ಯತ್ವದ ಶುಲ್ಕಕ್ಕೆ ನ್ಯಾಯ ಸಲ್ಲಿಸಿದಂತೆ ಎಂದೇ ನನ್ನ ಅಭಿಪ್ರಾಯ.

1933ರ ಆ ಸಂಸ್ಥೆ ಮೊದಲು ಕಂಪನಿಗಳನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು. 1938ರಲ್ಲಿ ಅದು ದಾರಿ ಬದಲಿಸಿ ವ್ಯಕ್ತಿಗಳಿಗೆ ಮಾನ್ಯತೆ ಕೊಡತೊಡಗಿತು. ಸರ್ಟಿಫೈಡ್ ಪ್ರಾಪರ್ಟಿ ಮ್ಯಾನೇಜರ್ ಎಂಬ ಬಿರುದು ಬಂದದ್ದು ಹಾಗೆ. ಈ ಬದಲಾವಣೆಯಲ್ಲಿ ನನಗೆ ದೊಡ್ಡ ವಿವೇಕ ಕಾಣುತ್ತದೆ. ಕಂಪನಿಯ ಫಲಕ ಅದೇ ಇದ್ದರೂ ಒಳಗೆ ಕೂತವರು ಬದಲಾಗುತ್ತಾರೆ, ಹಾಗೆ ಬದಲಾದವರು ಹಿಂದಿನವರ ಹೆಸರಿನ ನೆರಳಲ್ಲಿ ಕೆಲಸ ಮಾಡುತ್ತಾರೆ. ನೀತಿಸಂಹಿತೆಗೆ ಸಹಿ ಹಾಕಿದವರು ಒಬ್ಬ ಮನುಷ್ಯರಾಗಿದ್ದರೆ ಅವರು ಯಾವ ಕಂಪನಿಗೆ ಹೋದರೂ ಆ ಸಹಿ ಅವರ ಬೆನ್ನಿಗಿರುತ್ತದೆ, ಮತ್ತು ಮಾಲೀಕರು ಮಾಡಬಾರದ್ದನ್ನು ಮಾಡಿಸಲು ಒತ್ತಾಯಿಸಿದಾಗ ಇಲ್ಲವೆನ್ನಲು ಒಂದು ಆಧಾರವೂ ಆಗುತ್ತದೆ. ಈ ಎರಡನೆಯ ಉಪಯೋಗವನ್ನು ಹೊರಗಿನವರು ಗಮನಿಸುವುದು ಕಡಿಮೆ. ಬಾಡಿಗೆದಾರರ ಠೇವಣಿಯಲ್ಲಿ ಸಕಾರಣವಿಲ್ಲದೆ ಮುರಿದುಕೊಳ್ಳಿ ಎಂದು ಮಾಲೀಕರು ಹೇಳಿದಾಗ, ಶುಲ್ಕ ಕೊಡುವವರೇ ಅವರಾಗಿರುವಾಗ, ಒಂಟಿಯಾಗಿರುವ ನಿರ್ವಾಹಕರಿಗೆ ನಿರಾಕರಿಸುವುದು ಸುಲಭವಲ್ಲ; ಇದು ನನ್ನ ವೃತ್ತಿಯ ನಿಯಮಕ್ಕೆ ವಿರುದ್ಧ ಎಂದು ಹೇಳಲು ಸಾಧ್ಯವಾದಾಗ ಮಾತಿನ ತೂಕವೇ ಬೇರೆಯಾಗುತ್ತದೆ.

ಸರ್ಕಾರದ ಪರವಾನಗಿ ಇರುವಾಗ ಸಂಘವೇಕೆ ಎಂಬ ಪ್ರಶ್ನೆಯನ್ನು ಹೊಸಬರು ಆಗಾಗ ಕೇಳುತ್ತಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬೇರೆಯವರ ಪರವಾಗಿ ಮನೆ ಬಾಡಿಗೆಗೆ ಕೊಟ್ಟು ಹಣ ವಸೂಲು ಮಾಡಲು ರಿಯಲ್ ಎಸ್ಟೇಟ್ ಪರವಾನಗಿ ಬೇಕು, ಆದರೆ ಆ ಪರವಾನಗಿಯ ಪರೀಕ್ಷೆ ಹೆಚ್ಚಾಗಿ ಮಾರಾಟದ ಸುತ್ತಲೇ ತಿರುಗುತ್ತದೆ. ಮಾರಾಟ ಒಂದು ದಿನದ ನೋಂದಣಿಯಲ್ಲಿ ಮುಗಿದರೆ, ಬಾಡಿಗೆಯ ಸಂಬಂಧ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಬೇರೆ ಬಗೆಯದು. ಒಂಟಿ ಮನೆಗಳನ್ನೂ ಸಣ್ಣ ಕಟ್ಟಡಗಳನ್ನೂ ನೋಡಿಕೊಳ್ಳುವ ನಿರ್ವಾಹಕರು 1988ರಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರೆಸಿಡೆನ್ಷಿಯಲ್ ಪ್ರಾಪರ್ಟಿ ಮ್ಯಾನೇಜರ್ಸ್ ಎಂಬ ತಮ್ಮದೇ ಸಂಘ ಕಟ್ಟಿಕೊಂಡದ್ದು ಈ ಕೊರತೆಯ ಹಿನ್ನೆಲೆಯಲ್ಲೇ ಅರ್ಥವಾಗುತ್ತದೆ. ಪಾಠ, ಅನುಭವ, ಸಹೋದ್ಯೋಗಿಗಳ ಶಿಫಾರಸು ಎಲ್ಲವನ್ನೂ ಪರಿಗಣಿಸಿ ಅದು ಹಂತಹಂತವಾಗಿ ಮಾನ್ಯತೆ ಕೊಡುತ್ತದೆ. ಬಿಡಿ ವ್ಯಕ್ತಿಗಳಿಗಷ್ಟೇ ಅಲ್ಲದೆ ಸಂಸ್ಥೆಗೂ ಬೇರೆಯಾಗಿ ಮಾನ್ಯತೆಯಿದೆ.

ಅದೇ 1988ರಲ್ಲಿ ಅಮೆರಿಕದ ನ್ಯಾಯಯುತ ವಸತಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. 1968ರ ಮೂಲ ಕಾಯ್ದೆ ಜನಾಂಗ, ಬಣ್ಣ, ಧರ್ಮ, ರಾಷ್ಟ್ರಮೂಲದ ಆಧಾರದ ಮೇಲೆ ಮನೆ ನಿರಾಕರಿಸುವುದನ್ನು ನಿಷೇಧಿಸಿತ್ತು, 1974ರಲ್ಲಿ ಲಿಂಗವೂ ಆ ಪಟ್ಟಿಗೆ ಸೇರಿತ್ತು. 1988ರ ತಿದ್ದುಪಡಿ ಅಂಗವಿಕಲರನ್ನೂ ಮಕ್ಕಳಿರುವ ಕುಟುಂಬಗಳನ್ನೂ ರಕ್ಷಣೆಯೊಳಗೆ ತಂದಿತು. ಮಕ್ಕಳಿರುವವರಿಗೆ ಮನೆ ಕೊಡುವುದಿಲ್ಲ ಎಂದು ಜಾಹೀರಾತಿನಲ್ಲೇ ಬರೆಯುತ್ತಿದ್ದ ಪದ್ಧತಿ, ಹಿರಿಯ ನಾಗರಿಕರಿಗೆಂದೇ ಮೀಸಲಾದ ವಸತಿಗಳನ್ನು ಬಿಟ್ಟರೆ, ಕಾನೂನುಬಾಹಿರವಾಯಿತು. ಸ್ನಾನದ ಮನೆಯಲ್ಲಿ ಹಿಡಿಕಂಬಿ ಹಾಕಿಕೊಳ್ಳಲು ಅನುಮತಿ ಕೇಳುವ ಬಾಡಿಗೆದಾರರಿಗೆ ಏನು ಉತ್ತರ ಕೊಡಬೇಕು, ಸಾಕುಪ್ರಾಣಿ ನಿಷಿದ್ಧವಾದ ಕಟ್ಟಡದಲ್ಲಿ ದೃಷ್ಟಿಯಿಲ್ಲದವರ ಮಾರ್ಗದರ್ಶಿ ನಾಯಿಯನ್ನು ಹೇಗೆ ಪರಿಗಣಿಸಬೇಕು, ಅರ್ಜಿದಾರರನ್ನು ಯಾವ ಪ್ರಶ್ನೆ ಕೇಳಬಹುದು, ಯಾವುದನ್ನು ಕೇಳಕೂಡದು ಇವೆಲ್ಲ ಕಾಯ್ದೆಯ ಪುಟ ಓದಿದ ಮಾತ್ರಕ್ಕೆ ಕೈಗೆ ಬರುವ ವಿಷಯಗಳಲ್ಲ. ಬಾಗಿಲಲ್ಲಿ ನಿಂತವರ ಮುಂದೆ ಆಡಬೇಕಾದ ಮಾತು ಅಭ್ಯಾಸದಿಂದ ಬರುತ್ತದೆ, ಆ ಅಭ್ಯಾಸ ಮಾಡಿಸಲು ಹಲವು ಮನೆಗಳ ಹಲವು ಪ್ರಸಂಗಗಳನ್ನು ಕಂಡವರು ಬೇಕು. ಪರವಾನಗಿ ಕಾನೂನಿನ ಗಡಿಯನ್ನು ತೋರಿಸುತ್ತದೆ. ಆ ಗಡಿಯೊಳಗೆ ಸಭ್ಯವಾಗಿ ನಡೆಯುವುದನ್ನು ಕಲಿಸುವವರು ವೃತ್ತಿಯ ಹಿರಿಯರು.

ಇಂಗ್ಲೆಂಡಿನ ಅನುಭವ ಇದಕ್ಕಿಂತ ಭಿನ್ನ, ಮತ್ತು ನನ್ನ ಮಟ್ಟಿಗೆ ಹೆಚ್ಚು ಬೋಧಪ್ರದ. ಅಲ್ಲಿ ಬಾಡಿಗೆ ಏಜೆಂಟರಾಗಲು ಸಾಮಾನ್ಯ ಪರವಾನಗಿಯೇ ಇರಲಿಲ್ಲ, ಆದ್ದರಿಂದ ಸಂಘಗಳು ಸ್ವಯಂಪ್ರೇರಣೆಯಿಂದ ರೂಢಿಸಿದ ಕಟ್ಟಳೆಗಳು ಬಹುಕಾಲ ಸದಸ್ಯರನ್ನಷ್ಟೇ ಕಟ್ಟಿಹಾಕುತ್ತಿದ್ದವು. ನಂತರ ಕಾನೂನು ಒಂದೊಂದೇ ಹೆಜ್ಜೆಯಾಗಿ ಅದೇ ದಾರಿಗೆ ಬಂತು: 2007ರ ಏಪ್ರಿಲ್‌ನಿಂದ ಬಾಡಿಗೆದಾರರ ಠೇವಣಿಯನ್ನು ಮಾನ್ಯತೆ ಪಡೆದ ಯೋಜನೆಯೊಂದರಲ್ಲಿ ಭದ್ರಪಡಿಸುವುದು ಕಡ್ಡಾಯವಾಯಿತು, 2014ರ ಅಕ್ಟೋಬರ್‌ನಿಂದ ಏಜೆಂಟರೆಲ್ಲ ದೂರು ಪರಿಹಾರ ವ್ಯವಸ್ಥೆಯೊಂದಕ್ಕೆ ಸೇರಬೇಕಾಯಿತು, 2019ರ ಏಪ್ರಿಲ್‌ನಿಂದ ಗ್ರಾಹಕರ ಹಣವನ್ನು ಇಟ್ಟುಕೊಳ್ಳುವ ಖಾಸಗಿ ಏಜೆಂಟರು ಆ ಹಣಕ್ಕೆ ರಕ್ಷಣಾ ಯೋಜನೆ ಹೊಂದಿರಲೇಬೇಕೆಂದಾಯಿತು. ಏಜೆಂಟರು ಹಣ ಕಳೆದರೆ ಮಾಲೀಕರಿಗೂ ಬಾಡಿಗೆದಾರರಿಗೂ ನಿಗದಿತ ಮಿತಿಯೊಳಗೆ ಅದನ್ನು ತುಂಬಿಕೊಡುವ ಇಂಥ ಏರ್ಪಾಡು, ಕಡ್ಡಾಯವಾಗುವ ಮೊದಲೇ ಸಂಘದ ಸದಸ್ಯರಲ್ಲಿ ರೂಢಿಯಲ್ಲಿತ್ತು. ಲಾರ್ಡ್ ಬೆಸ್ಟ್ ಅಧ್ಯಕ್ಷತೆಯಲ್ಲಿ ಸರ್ಕಾರ ರಚಿಸಿದ್ದ ಕಾರ್ಯತಂಡ 2019ರ ಜುಲೈನಲ್ಲಿ ಕೊಟ್ಟ ವರದಿ ಇನ್ನೂ ಮುಂದೆ ಹೋಗಿ, ಏಜೆಂಟರಿಗೆ ಪರವಾನಗಿ, ಕಡ್ಡಾಯ ವಿದ್ಯಾರ್ಹತೆ, ಸ್ವತಂತ್ರ ನಿಯಂತ್ರಕರು ಬೇಕೆಂದು ಶಿಫಾರಸು ಮಾಡಿತು. ಒಳ್ಳೆಯ ಸಂಘ ಮಾಡಿ ತೋರಿಸಿದ್ದನ್ನು ಕಾನೂನು ನಂತರ ಎಲ್ಲರಿಗೂ ಅನ್ವಯಿಸಬಹುದು. ಹಾಗೆ ಅನ್ವಯಿಸಿದಾಗ ಸಂಘಕ್ಕೆ ನಷ್ಟವೆಂದು ಕೆಲವರು ಕೊರಗುತ್ತಾರೆ. ನಾನು ಒಪ್ಪುವುದಿಲ್ಲ.

ದಿನನಿತ್ಯದ ನೆರವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕರಾರು ಪತ್ರದ ಮಾದರಿ, ಮನೆ ಒಪ್ಪಿಸುವಾಗಲೂ ಬಿಡಿಸಿಕೊಳ್ಳುವಾಗಲೂ ತುಂಬುವ ಸ್ಥಿತಿಗತಿಯ ಪಟ್ಟಿ, ನಂಬಬಹುದಾದ ದುರಸ್ತಿಗಾರರ ಹೆಸರು, ಕಾಯಿಲೆ ಬಿದ್ದ ಒಂಟಿ ನಿರ್ವಾಹಕರ ಕೆಲಸವನ್ನು ಕೆಲವು ವಾರ ನೋಡಿಕೊಳ್ಳುವ ಸಹೋದ್ಯೋಗಿ ಇವು ಸಿಗುತ್ತವೆ, ಮತ್ತು ಸಣ್ಣ ಕಚೇರಿಗಳಿಗೆ ಇವು ತುಂಬ ದೊಡ್ಡವು.

ಆದರೆ ಒಂದೇ ಊರಿನ ಪ್ರತಿಸ್ಪರ್ಧಿಗಳು ಒಂದೇ ಮೇಜಿನ ಸುತ್ತ ಕೂರುವುದರಲ್ಲಿ ಅಪಾಯವೂ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 1950ರಲ್ಲಿ ವಾಷಿಂಗ್ಟನ್ ನಗರದ ರಿಯಲ್ ಎಸ್ಟೇಟ್ ಮಂಡಳಿಯ ವಿರುದ್ಧ ತೀರ್ಪು ಕೊಟ್ಟಿತು. ದಲ್ಲಾಳಿಗಳ ಸಂಘವೇ ಆಗಿದ್ದ ಆ ಮಂಡಳಿ ಸದಸ್ಯರಿಗೆ ಕಮಿಷನ್ ದರಗಳ ಪಟ್ಟಿ ಹಾಕಿಕೊಟ್ಟಿತ್ತು. ಪಟ್ಟಿ ಮೀರಿದವರಿಗೆ ಶಿಕ್ಷೆಯನ್ನೇನೂ ಕೊಟ್ಟಿಲ್ಲ ಎಂಬ ವಾದ ನಿಲ್ಲಲಿಲ್ಲ, ಒಟ್ಟಾಗಿ ದರ ನಿಗದಿ ಮಾಡುವುದೇ ವ್ಯಾಪಾರದ ಸ್ಪರ್ಧೆಯನ್ನು ಕಾಪಾಡುವ 1890ರ ಶೆರ್ಮನ್ ಕಾಯ್ದೆಯ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಈಚೆಗೆ, 2024ರ ಆಗಸ್ಟ್‌ನಲ್ಲಿ, ಅಲ್ಲಿನ ನ್ಯಾಯ ಇಲಾಖೆ ರಿಯಲ್‌ಪೇಜ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲೆ ದಾವೆ ಹೂಡಿ, ಸ್ಪರ್ಧಿಗಳ ಗೋಪ್ಯ ಮಾಹಿತಿಯನ್ನು ಕಲೆಹಾಕಿ ಬಾಡಿಗೆ ದರ ಸೂಚಿಸುವುದರಿಂದ ಸ್ಪರ್ಧೆ ಕುಗ್ಗುತ್ತದೆ ಎಂದು ಆರೋಪಿಸಿತು. ಆದ್ದರಿಂದ ಸಂಘದ ಸಭೆಯಲ್ಲಿ ಶುಲ್ಕ, ಬಾಡಿಗೆ, ಯಾರೊಂದಿಗೆ ವ್ಯವಹರಿಸಬಾರದು ಎಂಬ ಮಾತು ಎದ್ದಕೂಡಲೇ ಅದನ್ನು ನಿಲ್ಲಿಸುವ ಅಧ್ಯಕ್ಷರಿರಬೇಕು. ಇದನ್ನು ವಕೀಲರ ಅತಿ ಎಚ್ಚರಿಕೆ ಎಂದು ತಳ್ಳಿಹಾಕುವವರಿಗೆ ನಾನು ಹೇಳುವುದಿಷ್ಟೆ: ನಮ್ಮ ಮಾತಿನ ಪರಿಣಾಮ ಬೀಳುವುದು ಆ ಕೋಣೆಯಲ್ಲಿಲ್ಲದ ಬಾಡಿಗೆದಾರರ ಮೇಲೆ.

ಇದೇ ಕಾರಣಕ್ಕೆ ಶಾಸನಗಳ ಮೇಲೆ ಸಂಘ ನಡೆಸುವ ಪ್ರಭಾವದ ಬಗ್ಗೆ ನನಗೆ ಎರಡು ಮನಸ್ಸಿದೆ. ಕಾಯ್ದೆಯ ಕರಡು ಬಂದಾಗ ಅದು ನೆಲದ ಮೇಲೆ ಹೇಗೆ ನಡೆಯುತ್ತದೆ, ನೋಟಿಸಿನ ಅವಧಿ ಸಾಕೇ, ಠೇವಣಿ ಹಿಂದಿರುಗಿಸಲು ಕೊಟ್ಟ ದಿನಗಳಲ್ಲಿ ದುರಸ್ತಿಯ ಬಿಲ್ಲು ಕೈಸೇರುತ್ತದೆಯೇ ಎಂಬುದನ್ನು ತಿಳಿಸುವ ಅರ್ಹತೆ ನಿರ್ವಾಹಕರಿಗಿದೆ. ಅದನ್ನು ಹೇಳದಿರುವುದು ಕರ್ತವ್ಯಲೋಪ. ಆದರೆ ಮಾಲೀಕರ ಸಂಘಗಳು ಆಗಲೇ ಬೇಕಾದಷ್ಟಿವೆ, ಅವು ತಮ್ಮ ವಾದವನ್ನು ಸಮರ್ಥವಾಗಿಯೇ ಮಂಡಿಸುತ್ತವೆ. ಬಾಡಿಗೆದಾರರಿಗೆ ಸಿಗುವ ಪ್ರತಿಯೊಂದು ರಕ್ಷಣೆಯನ್ನೂ ವಿರೋಧಿಸುವ ಮತ್ತೊಂದು ಧ್ವನಿಯಾಗಿ ನಿರ್ವಾಹಕರ ಸಂಘ ನಿಂತುಬಿಟ್ಟರೆ, ಇಬ್ಬರ ನಡುವೆ ನಿಂತವರು ಎಂಬ ತನ್ನ ಸ್ಥಾನವನ್ನೇ ಅದು ಬಿಟ್ಟುಕೊಟ್ಟಂತೆ.

ಕೊನೆಯದಾಗಿ ಶಿಸ್ತಿನ ವಿಷಯ, ಏಕೆಂದರೆ ಮೇಲೆ ಹೇಳಿದ್ದೆಲ್ಲ ನಿಂತಿರುವುದು ಅದರ ಮೇಲೆ. ನೀತಿಸಂಹಿತೆ ಎಲ್ಲ ಸಂಘಗಳಲ್ಲೂ ಇದೆ. ದೂರು ಬಂದಾಗ ಅದನ್ನು ಯಾರು ಕೇಳುತ್ತಾರೆ, ಬಾಡಿಗೆದಾರರೂ ದೂರು ಕೊಡಬಹುದೇ ಅಥವಾ ಸದಸ್ಯರು ಮತ್ತು ಗ್ರಾಹಕರು ಮಾತ್ರವೇ, ಸಮಿತಿಯಲ್ಲಿ ವೃತ್ತಿಯ ಹೊರಗಿನವರೊಬ್ಬರಾದರೂ ಇದ್ದಾರೆಯೇ, ಉಚ್ಚಾಟನೆಯಾದವರ ಹೆಸರು ಸಾರ್ವಜನಿಕರಿಗೆ ತಿಳಿಯುತ್ತದೆಯೇ ಎಂಬಲ್ಲಿ ಸಂಘ ಸಂಘಗಳಿಗೆ ವ್ಯತ್ಯಾಸವಿದೆ. ಶುಲ್ಕ ಕಟ್ಟುವ ಸದಸ್ಯರನ್ನು ಹೊರಹಾಕುವುದು ಯಾವ ಸಂಘಕ್ಕೂ ಹಿತವಲ್ಲ, ದೊಡ್ಡ ಸಂಸ್ಥೆಯ ಸದಸ್ಯರನ್ನಂತೂ ಇನ್ನೂ ಕಷ್ಟ. ಆದ್ದರಿಂದ ಮನೆಯನ್ನು ಒಬ್ಬರ ನಿರ್ವಹಣೆಗೆ ಒಪ್ಪಿಸಲಿರುವ ಮಾಲೀಕರು ಸದಸ್ಯತ್ವದ ಲಾಂಛನ ನೋಡಿ ತೃಪ್ತರಾಗದೆ, ನನ್ನ ಹಣ ಯಾವ ಖಾತೆಯಲ್ಲಿರುತ್ತದೆ, ಆ ಖಾತೆಯ ತಾಳೆಯನ್ನು ಕೊನೆಯ ಬಾರಿ ಯಾರು ನೋಡಿದರು, ದುರಸ್ತಿಯ ಬಿಲ್ಲಿನಲ್ಲಿ ನಿಮ್ಮ ಪಾಲೆಷ್ಟು, ನಿಮ್ಮ ಮೇಲೆ ದೂರಿದ್ದರೆ ನಾನು ಯಾರಿಗೆ ಬರೆಯಬೇಕು ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಸದಸ್ಯರು ತಡವರಿಸದೆ ಕಾಗದಪತ್ರ ಮುಂದಿಟ್ಟು ಉತ್ತರಿಸುವಂತೆ ತಯಾರು ಮಾಡಿರುವ ಸಂಘಕ್ಕೆ ಸೇರಲು ನಾನು ಯಾರಿಗಾದರೂ ಹೇಳುತ್ತೇನೆ. ಉಳಿದವುಗಳ ಚಂದಾ ಕಟ್ಟುವ ಮೊದಲು ಅವುಗಳ ಶಿಸ್ತು ಸಮಿತಿಯ ನಿಯಮಗಳನ್ನು ತರಿಸಿ ಓದಿ ಎನ್ನುತ್ತೇನೆ.