ಮೀಸೆ ಉದುರಿದ ಹುಲ್ಲು: ಮೈದನಹಳ್ಳಿ ಸರ್ವೆ, ಏಳನೇ ಸುತ್ತು

ಮೂರು ವಾರ ತಲೆ ತಿಂದ ಹುಲ್ಲಿಗೆ ನಿನ್ನೆ ರಾತ್ರಿ ಹೆಸರು ಸಿಕ್ಕಿತು. ಅದೂ ಹಾಳಾಯ್ತು ಅಂತ ಮೂಲೆಗಿಟ್ಟಿದ್ದ ಸ್ಯಾಂಪಲ್‌ನಿಂದ!

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಗೊತ್ತಲ್ವಾ? 798 ಎಕರೆ, 2007ರಲ್ಲಿ ಘೋಷಣೆಯಾದದ್ದು. ಬಂದವರೆಲ್ಲ ಕೃಷ್ಣಮೃಗಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ನಾನು ಅವು ತುಳಿದು ಹೋದ ಹುಲ್ಲಿನ ಮುಂದೆ ಮಂಡಿಯೂರಿರುತ್ತೇನೆ. ತಂಗಡಿ, ಕಾರೆ, ಬಂದರಿಕೆ ಎಲ್ಲ ಮೊದಲೆರಡು ಸುತ್ತಿಗೇ ಮುಗಿದವು. ಅನುಮತಿ ಪತ್ರ ಹಿಡಿದು, ನೆಲದ ಮೇಲೆ ಒಂದು ಮೀಟರ್ ಚೌಕ ಗುರುತಿಸಿ, ಜಿಪಿಎಸ್ ಬರೆದುಕೊಂಡು, ಅದರೊಳಗಿನ ಗಿಡ, ಹುಲ್ಲಿಗೆ ಹೆಸರು ಹಚ್ಚೋದೇ ಈ ಸರ್ವೆ.

ಗೋಳೆಲ್ಲ ಅರಿಸ್ಟಿಡಾ ಅನ್ನೋ ಹುಲ್ಲಿನ ಕುಲದ್ದು. ಪೊರಕೆಯ ಹಂಚಿಕಡ್ಡಿಯೂ ಇದೇ ಕುಲದ್ದು, ಅದೇನೋ ಸಲೀಸು. ಅದರ ಗಿಡ್ಡ ತಮ್ಮಂದಿರು ಮಾತ್ರ ಒಬ್ಬರಿಗಿಂತ ಒಬ್ಬರು ಕಿಲಾಡಿಗಳು. ಎಲ್ಲಕ್ಕೂ ಕಾಳಿನ ತುದಿಯಲ್ಲಿ ಮೂರು ಊಬು, ಅಂದರೆ ಮೀಸೆ. ಜಾತಿ ಗುರುತಿಸುವ ಪ್ರಶ್ನೆಪಟ್ಟಿ, ಅಂದರೆ ‘ಕೀ’, ಕೇಳುವುದು ಒಂದೇ ಪ್ರಶ್ನೆ: ಊಬು ಲೆಮ್ಮಕ್ಕೆ (ಕಾಳನ್ನು ಸುತ್ತಿದ ಸಿಪ್ಪೆಗೆ) ಸೇರುವ ಜಾಗದಲ್ಲಿ ಕೀಲು ಇದೆಯೋ ಇಲ್ಲವೋ? ಇಲ್ಲದಿದ್ದರೆ ಅಡ್ಸೆನ್ಷಿಯೋನಿಸ್ ಅನ್ನೋ ಜಾತಿಯ ಕಡೆಗೆ ಹೋಗಿ, ಇದ್ದರೆ ಫ್ಯುನಿಕ್ಯುಲಾಟಾ ಅನ್ನೋದರ ಕಡೆಗೆ. ಆ ಜಾಗವೋ, ಕೂದಲಿನಷ್ಟು ಸಣ್ಣ!

ಆನ್‌ಲೈನಲ್ಲಿ ಮೂವತ್ತು ಪಟ್ಟಿನ ಲೆನ್ಸ್ ಅಂತ ತರಿಸಿದ್ದೆ. ನನ್ನ ಹಳೇ ಹತ್ತು ಪಟ್ಟಿನದರ ಪಕ್ಕ ಹಿಡಿದರೆ ಎರಡರಲ್ಲೂ ಅಷ್ಟೇ ಕಾಣಿಸಿತು. ಹೊಸದರಲ್ಲಿ ಅಂಚಿಗೆ ನೇರಳೆ ಬಣ್ಣ ಫ್ರೀ. ವಾಪಸ್ ಕಳಿಸ್ತೀನಿ ಅಂದರೆ, ‘ಪ್ಯಾಕಿಂಗ್ ತೆಗೆದಿದ್ದೀರಿ ಸರ್’ ಅಂದರು. ತೆಗೆಯದೆ ನೋಡೋದು ಹೇಗಪ್ಪಾ?

ಹೊಲದಲ್ಲಿ ಕುರಿ ಕಾಯುವ ಅಜ್ಜ ಒಬ್ಬರು ಸಿಕ್ಕಿದ್ದರು. ‘ಏನ್ ಸಾಮಿ, ಏನಾರ ಬೀಳಿಸ್ಕಂಡ್ರಾ?’ ಅಂದರು. ಹುಲ್ಲು ತೋರಿಸಿದೆ. ‘ಊಬು ಬರೋಕ್ ಮುಂಚೆ ಕುರಿ ತಿಂತವೆ. ಬಂದ್ಮೇಲೆ ಬಾಯಿಗ್ ಚುಚ್ತೈತೆ’ ಅಂದರು. ಕೀಲಿನ ವಿಷಯ ಕೇಳೋಕೆ ಧೈರ್ಯ ಬರಲಿಲ್ಲ.

ಹುಲ್ಲನ್ನು ಮನೆಗೆ ತಂದು, ಕಾಗದದ ನಡುವೆ ಒತ್ತಿ ಒಣಗಿಸುವ ಪ್ರೆಸ್‌ಗೆ ಹಾಕಿದೆ. ಅವಸರದಲ್ಲಿ ಭಾನುವಾರದ ಪುರವಣಿಯ ನುಣುಪು ಕಾಗದ ಬಳಸಿದ್ದೆ. ಅದು ನೀರು ಹೀರಲ್ಲ ಅಂತ ಗೊತ್ತಿದ್ದೂ! ನಾಲ್ಕನೇ ದಿನ ತೆಗೆದರೆ ಬುಡಕ್ಕೆ ಬೂಷ್ಟು. ಮಾಮೂಲಿ ಪೇಪರ್‌ಗೆ ಬದಲಾಯಿಸಿ, ಮೇಲೆ ಎರಡು ಇಟ್ಟಿಗೆ ಹೇರಿ ಸುಮ್ಮನಾದೆ.

ನಿನ್ನೆ ಬಿಚ್ಚಿದಾಗ ಊಬೆಲ್ಲ ಉದುರಿ ಹಾಳೆಯ ಮಡಿಕೆಯಲ್ಲಿ ಗುಡ್ಡೆ ಬಿದ್ದಿತ್ತು. ಬೈದುಕೊಂಡೆ. ಬಿಸಾಕುವ ಮೊದಲು ಸುಮ್ನೆ ಒಂದನ್ನು ಬಿಳಿ ತಟ್ಟೆಗೆ ಹಾಕಿ ನೋಡಿದೆ. ಹಗ್ಗದಂತೆ ತಿರುಚಿಕೊಂಡ ಒಂದು ಕಾಲು, ಅದರ ತುದಿಯಲ್ಲಿ ಮೂರು ಊಬು. ಕಾಳು ಎಲ್ಲಿ? ಕಾಳು ಗ್ಲೂಮ್‌ಗಳ, ಅಂದರೆ ಹೊರಗಿನ ಎರಡು ಸಿಪ್ಪೆಗಳ, ಒಳಗೇ ಭದ್ರವಾಗಿ ಕೂತಿತ್ತು. ಅದರ ತುದಿ ಮುರಿದ ಹಾಗಿರಲಿಲ್ಲ, ಬ್ಲೇಡಿನಲ್ಲಿ ಕೊಯ್ದಷ್ಟು ಸಾಫ್. ಇನ್ನೊಂದು ನೋಡಿದೆ, ಹಾಗೇ. ಹತ್ತು ನೋಡಿದೆ, ಹತ್ತೂ ಹಾಗೇ. ಮೂರು ವಾರ ಲೆನ್ಸ್ ಹಿಡಿದು ಹುಡುಕಿದ ಕೀಲು, ಒಣಗಿದ ಮೇಲೆ ತಾನಾಗೇ ಕಳಚಿಕೊಂಡಿತ್ತು! ಬೆಂಗಳೂರಿನ ಐಐಎಸ್‌ಸಿಯಲ್ಲಿ ಒಣಗಿಸಿದ ಗಿಡಗಳ ಸಂಗ್ರಹವಿದೆ, ಜೆಸಿಬಿ ಹರ್ಬೇರಿಯಂ ಅಂತ; ಅವರ ಆನ್‌ಲೈನ್ ಫ್ಲೋರಾ (ಸಸ್ಯಗಳ ವಿವರಪಟ್ಟಿ) ತೆಗೆದು ಇನ್ನೊಮ್ಮೆ ತಾಳೆ ನೋಡಿದೆ. ಫ್ಯುನಿಕ್ಯುಲಾಟಾ ಅಂತ ಲೇಬಲ್ ಬರೆದೆ, ಸದ್ಯಕ್ಕೆ ಪೆನ್ಸಿಲ್‌ನಲ್ಲಿ.

ಅಂದಹಾಗೆ, ಆ ತಿರುಚಿದ ಕಾಲಿಗೆ ಒಂದು ಹನಿ ನೀರು ಬಿಟ್ಟು ನೋಡಿ. ಬಿಚ್ಚಿಕೊಳ್ಳುತ್ತಾ ತಟ್ಟೆ ಮೇಲೆ ನಿಧಾನಕ್ಕೆ ಹೊರಳುತ್ತೆ. ಅದನ್ನು ನೋಡುತ್ತಾ ಕೂತಾಗ ಹೊಳೆದದ್ದು ಮುಂದಿನ ಕೆಲಸ: ಕಾಲುಚೀಲ ಸರ್ವೆ. ಹೊಸ ಹತ್ತಿ ಕಾಲುಚೀಲ ಹಾಕಿಕೊಂಡು ನೂರು ಮೀಟರ್ ನಡೆಯೋದು. ಅಂಟಿದ್ದನ್ನೆಲ್ಲ ಬಿಡಿಸಿ, ಎಣಿಸಿ, ತಾರಸಿಯ ಕುಂಡದಲ್ಲಿ ಬಿತ್ತೋದು. ಕಾಲುಚೀಲ ಒಗೆಯುವವರು ಮನೆಯಲ್ಲಿ ಈಗಾಗಲೇ ತಕರಾರು ತೆಗೆದಿದ್ದಾರೆ.

ಅದಕ್ಕೂ ಮೊದಲು ಇನ್ನೊಂದು ತಲೆನೋವಿದೆ. ಹಿಂದಿನ ಸುತ್ತುಗಳಲ್ಲಿ ಇಪ್ಪತ್ತೆರಡು ಚೌಕಗಳಿಗೆ ಧೈರ್ಯವಾಗಿ ಅಡ್ಸೆನ್ಷಿಯೋನಿಸ್ ಅಂತ ಬರೆದಿಟ್ಟಿದ್ದೇನೆ, ಅವನ್ನೆಲ್ಲ ಈಗ ಮತ್ತೆ ನೋಡಬೇಕು. ಅದರಲ್ಲಿ ಒಣಗಿಸಿ ಇಟ್ಟಿರೋದು ಆರು ಮಾತ್ರ. ಉಳಿದ ಹದಿನಾರಕ್ಕೆ ಮೊಬೈಲ್ ಫೋಟೋ ಇದೆ, ಗಾಳಿಗೆ ಅಲ್ಲಾಡಿದ್ದು.